ಎರಡು ಲಕ್ಷ ಕಿ.ಮೀ. ದಾಟಿದ ಕಾರು, ಕೋಲಾರದ ಬೋರ್ ನೀರು: ಮನೆ ಅಂಗಳದಲ್ಲೇ ಮಾಡಬಹುದಾದ ರಿಪೇರಿಗಳು

ಕೋಲಾರದಲ್ಲಿ ಹಳೇ ಕಾರು ಇಟ್ಟುಕೊಂಡವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಇಂಜಿನ್ ತಣ್ಣಗಿಡುವ ರೇಡಿಯೇಟರ್‌ಗೆ ಬೋರ್ ನೀರು ಹಾಕಬೇಡಿ. ನಮ್ಮ ಕಡೆ ನೀರು ಕಾಯಿಸುವ ಹಂಡೆಯ ಒಳಗೆ, ಗೀಸರ್ ಕಾಯಿಲ್ ಮೇಲೆ, ನಲ್ಲಿಯ ಬಾಯಲ್ಲಿ ಸುಣ್ಣದಂಥ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಹಂಡೆಯಾದರೆ ಉಜ್ಜಬಹುದು. ರೇಡಿಯೇಟರ್ ಒಳಗೆ ಕೈ ಹೋಗುವುದಿಲ್ಲ.

ನನಗೆ ಇದು ಗೊತ್ತಾಗಿದ್ದು ಮೊಗಿಲಿ ಘಟ್ಟದಲ್ಲಿ. ತಿರುಪತಿಗೆ ಹೋಗಿ ಚಿತ್ತೂರು ಮೇಲೆ ವಾಪಸ್ ಬರುತ್ತಿದ್ದೆವು. ಮೇ ತಿಂಗಳು, ಮಧ್ಯಾಹ್ನ, ಎಸಿ ಆನ್, ಒಳಗೆ ಐದು ಜನ. ಘಟ್ಟ ಹತ್ತುವಾಗ ಟೆಂಪರೇಚರ್ ಸೂಜಿ ಅರ್ಧ ದಾಟಿತು, ಆಮೇಲೆ ಮುಕ್ಕಾಲು. ಎಸಿ ಆಫ್ ಮಾಡಿದೆ, ಇಂಜಿನ್ನಿನ ಬಿಸಿ ಸ್ವಲ್ಪ ಈಚೆ ಬರಲಿ ಅಂತ ಕಿಟಕಿ ಇಳಿಸಿ ಹೀಟರ್ ಫುಲ್ ಇಟ್ಟೆ, ಜಾಗ ಸಿಕ್ಕ ಕೂಡಲೇ ಪಕ್ಕಕ್ಕೆ ನಿಲ್ಲಿಸಿದೆ. ಗಂಟೆಗೂ ಜಾಸ್ತಿ ಕಾದು ಮನೆ ಸೇರಿದೆವು. ಮಾರನೇ ದಿನ ರೇಡಿಯೇಟರ್ ಕೆಳಗಿನ ಪೈಪ್ ಬಿಚ್ಚಿದರೆ ಬಂದದ್ದು ಕೂಲಂಟ್ (ಇಂಜಿನ್ ತಣ್ಣಗಿಡಲು ನೀರಿಗೆ ಬೆರೆಸುವ ಬಣ್ಣದ ದ್ರವ) ಅಲ್ಲ, ಕೆಮ್ಮಣ್ಣು ನೀರು. ಜೊತೆಗೆ ಮೊಟ್ಟೆ ಚಿಪ್ಪಿನ ಚೂರಿನಂಥ ಬಿಳಿ ಹೋಳುಗಳು. ವರ್ಷಗಟ್ಟಲೆ ಮನೆಯವರೆಲ್ಲ ಕೊಳಾಯಿ ನೀರನ್ನೇ ತುಂಬಿಸುತ್ತಾ ಬಂದಿದ್ದೆವು.

ಕಾರು 2009ರ ಪೆಟ್ರೋಲ್ ಸೆಡಾನ್. ಅಪ್ಪ ಕೊಂಡದ್ದು. ಈಗ 2,37,000 ಕಿ.ಮೀ. ಓಡಿದೆ. ನರಸಾಪುರಕ್ಕೆ ದಿನಾ ಕೆಲಸಕ್ಕೆ ಹೋಗಿಬರುವುದು ಈಗಲೂ ಅದರಲ್ಲೇ. ಆ ಘಟ್ಟದ ನಂತರ ನಾನೇ ಸ್ಪ್ಯಾನರ್ ಹಿಡಿದೆ. ಬಂಗಾರಪೇಟೆ ರಸ್ತೆಯಲ್ಲಿ ನಮಗೆ ಪರಿಚಯದ ಮೆಕ್ಯಾನಿಕ್ ಅಣ್ಣ ಒಬ್ಬರಿದ್ದಾರೆ. ಅವರು ಕಲಿಸಿದ್ದು ಒಂದಷ್ಟು, ಬಿಚ್ಚಿ ಜೋಡಿಸಿ ಕಲಿತದ್ದು ಒಂದಷ್ಟು. ಹೊಸಬರು ಯಾವ ಕ್ರಮದಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಭಾನುವಾರ ಏನನ್ನೂ ಬಿಚ್ಚಬೇಡಿ

ಹಳೇ ಕಾರಿನಲ್ಲಿ ದುಡ್ಡು ಪೋಲಾಗುವುದು ರಿಪೇರಿಯಿಂದ ಅಲ್ಲ, ಅಂದಾಜಿನಿಂದ. "ಕಾಯಿಲ್ ಹೋಗಿರಬೇಕು", "ಪಂಪ್ ಇರಬೇಕು" ಅಂತ ಒಂದಾದ ಮೇಲೆ ಒಂದು ಪಾರ್ಟ್ ತಂದು ಹಾಕಿದರೆ ತೊಂದರೆ ಹಾಗೇ ಇರುತ್ತದೆ, ಜೇಬು ಖಾಲಿಯಾಗುತ್ತದೆ. ಆದ್ದರಿಂದ ಮೊದಲ ದಿನ ಒಂದು ನೋಟ್ ಪುಸ್ತಕ, ಒಂದು ಟಾರ್ಚ್ ಹಿಡಿದು ಬರೀ ನೋಡಿ.

ಹಿಂದಿನ ರಾತ್ರಿ ಇಂಜಿನ್ ಕೆಳಗೆ ದೊಡ್ಡ ರಟ್ಟು ಹಾಸಿಡಿ. ಬೆಳಿಗ್ಗೆ ಅದರ ಮೇಲಿನ ಕಲೆ ಅರ್ಧ ಕಥೆ ಹೇಳುತ್ತದೆ. ಕಪ್ಪು, ಜಿಡ್ಡು ಇದ್ದರೆ ಇಂಜಿನ್ ಆಯಿಲ್. ಕೆಂಪಗೆ, ತೆಳ್ಳಗೆ ಇದ್ದರೆ ಪವರ್ ಸ್ಟೀರಿಂಗ್ ಅಥವಾ ಆಟೋ ಗೇರ್ ಆಯಿಲ್. ಹಸಿರು, ಗುಲಾಬಿ ಅಥವಾ ಕಿತ್ತಳೆ ಬಣ್ಣದ್ದು, ಸಿಹಿ ವಾಸನೆಯದು ಕೂಲಂಟ್. ಚಕ್ರದ ಒಳಬದಿ ಒದ್ದೆ ಇದ್ದರೆ ಬ್ರೇಕ್ ಆಯಿಲ್ ಇರಬಹುದು. ಅದಾದರೆ ಕಾರು ತೆಗೆಯಲೇಬೇಡಿ. ಎಸಿ ಹಾಕಿ ನಿಲ್ಲಿಸಿದಾಗ ಸುರಿಯುವ ಬರೀ ನೀರಿಗೆ ಹೆದರಬೇಕಿಲ್ಲ.

ಆಮೇಲೆ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿಸಿ ಸೈಲೆನ್ಸರ್ ಹಿಂದೆ ನಿಂತುಕೊಳ್ಳಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಕಪ್ಪಾದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಸಿಹಿ ವಾಸನೆ ಇದ್ದರೆ ಕೂಲಂಟ್ ಒಳಗೆ ಹೋಗಿ ಉರಿಯುತ್ತಿದೆ ಅಂತ ಅರ್ಥ. ಅಂದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್‌ಗೂ ನಡುವಿನ ಸೀಲ್) ಮೇಲೆ ಅನುಮಾನ. ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಒಳಗೆ ಕೆನೆ ಹಾಕಿದ ಕಾಫಿಯಂಥ ನೊರೆ ತುಂಬಾ ಇದ್ದರೆ ಅನುಮಾನ ಗಟ್ಟಿ. ಚಳಿಗಾಲದಲ್ಲಿ ಬರೀ ಹತ್ತಿರದ ಓಡಾಟ ಮಾಡುವ ಕಾರಿನಲ್ಲಿ ಮುಚ್ಚಳದ ಕೆಳಗೆ ಸ್ವಲ್ಪ ನೊರೆ ಕಟ್ಟುವುದು ಸಹಜ. ಹೆಡ್ ಗ್ಯಾಸ್ಕೆಟ್ ಕೆಲಸ ಅಂಗಳದಲ್ಲಿ ಆಗುವಂಥದ್ದಲ್ಲ. ಆ ಖರ್ಚಿನ ಅಂದಾಜು ಕೇಳಿದ ಮೇಲೆಯೇ ಉಳಿದ ರಿಪೇರಿಗೆ ದುಡ್ಡು ಹಾಕಬೇಕೋ ಬೇಡವೋ ಯೋಚಿಸಿ.

ಬಾನೆಟ್ ಒಳಗಿನ ರಬ್ಬರ್ ಪೈಪುಗಳನ್ನು ಹಿಂಡಿ ನೋಡಿ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೂ ಸರಿಯಲ್ಲ, ಮೆತ್ತಗಾಗಿ ಉಬ್ಬಿದ್ದರೂ ಸರಿಯಲ್ಲ. ಬೆಲ್ಟ್ ಒಳಬದಿಯ ಸೀಳು ನೋಡಿ. ಟೈರ್ ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 3519 ಅಂದರೆ 2019ರ 35ನೇ ವಾರ ತಯಾರಾದದ್ದು. ಟೈರ್ ಮೇಲಿನ ಕಚ್ಚಿನ ಆಳ 1.6 ಮಿ.ಮೀ. ಮಟ್ಟಕ್ಕೆ ಸವೆದರೆ ಕಚ್ಚಿನ ನಡುವಿನ ಗುರುತು ರಬ್ಬರಿಗೆ ಸಮ ಬರುತ್ತದೆ. ಆಗ ಟೈರ್ ಬದಲಿಸಲೇಬೇಕು. ಎಲ್ಲವನ್ನೂ ಪುಸ್ತಕದಲ್ಲಿ ಬರೆಯಿರಿ. ನನ್ನ ಪುಸ್ತಕದ ಮೊದಲ ಪುಟದಲ್ಲಿ 14 ತೊಂದರೆಗಳಿದ್ದವು. ಅದರಲ್ಲಿ ತುರ್ತಾಗಿ ಬೇಕಾದದ್ದು ಮೂರೇ.

ಸಾಮಾನು

ಎಂಟರಿಂದ 19 ಮಿ.ಮೀ. ತನಕ ರಿಂಗ್ ಸ್ಪ್ಯಾನರ್, ಸಾಕೆಟ್ ಸೆಟ್ಟು, ಸ್ಪಾರ್ಕ್ ಪ್ಲಗ್‌ಗೆ 16 ಅಥವಾ 21 ಮಿ.ಮೀ. ಸಾಕೆಟ್, ಕಟಿಂಗ್ ಪ್ಲೇಯರ್, ವೋಲ್ಟ್ ಅಳೆಯುವ ಮಲ್ಟಿಮೀಟರ್, ವೈರ್ ಬ್ರಷ್, ತುಕ್ಕು ಬಿಡಿಸುವ ಸ್ಪ್ರೇ. ಎಷ್ಟು ಬಿಗಿ ಮಾಡಿದೆವು ಅಂತ ಅಳೆಯುವ ಟಾರ್ಕ್ ರೆಂಚ್ ಒಂದು ಇದ್ದರೆ ಒಳ್ಳೆಯದು. ಹಳೇ ಕಾರಿನ ಬೋಲ್ಟುಗಳು ಮೊದಲೇ ದಣಿದಿರುತ್ತವೆ. ಜೋರು ಮಾಡಿದರೆ ಥ್ರೆಡ್ ಹೋಗುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಎರಡು ಜಾಕ್ ಸ್ಟ್ಯಾಂಡ್, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಕಬ್ಬಿಣದ ಕಾಲುಗಳು. ಡಿಕ್ಕಿಯಲ್ಲಿರುವ ಜಾಕಿ ಚಕ್ರ ಬದಲಿಸಲು ಮಾತ್ರ. ಬರೀ ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆಯಲ್ಲ, ಕೈಯನ್ನೂ ಹಾಕಬೇಡಿ. ನಮ್ಮ ಕಡೆ ಅಂಗಳ ಮಣ್ಣಿನದು, ಮಳೆ ಬಿದ್ದ ಮೇಲೆ ಮೆತ್ತಗಿರುತ್ತದೆ. ಜಾಕಿಗೂ ಸ್ಟ್ಯಾಂಡಿಗೂ ಕೆಳಗೆ ದಪ್ಪ ಹಲಗೆ ಕೊಡಿ. ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೇ ಮಲಗಿಸಿ. ಸ್ಟ್ಯಾಂಡ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ, ನಿಮ್ಮ ಮೇಲಲ್ಲ. ಮಕ್ಕಳನ್ನು ದೂರ ಇರಿಸಿ.

ಕೂಲಿಂಗ್: ಇಲ್ಲಿಂದಲೇ ಶುರು ಮಾಡಿ

ಕೋಲಾರ ಸಮುದ್ರ ಮಟ್ಟಕ್ಕಿಂತ ಸುಮಾರು 850 ಮೀಟರ್ ಮೇಲಿದೆ. ಈ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 100 ಅಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಇಂಜಿನ್ ಕೆಲಸ ಮಾಡುವುದೇ 90 ಡಿಗ್ರಿಯ ಆಸುಪಾಸಿನಲ್ಲಿ. ಅಂದರೆ ಬರೀ ನೀರು ಹಾಕಿ, ಮುಚ್ಚಳವೂ ಸಡಿಲ ಇದ್ದರೆ ಕುದಿಯುವುದಕ್ಕೆ ಬಾಕಿ ಇರುವುದು ಏಳೆಂಟು ಡಿಗ್ರಿ ಅಷ್ಟೇ.

ರೇಡಿಯೇಟರ್ ಮುಚ್ಚಳವನ್ನು ಎಲ್ಲರೂ ಬರೀ ಮುಚ್ಚಳ ಅಂದುಕೊಳ್ಳುತ್ತಾರೆ. ಅದು ಪ್ರೆಶರ್ ಕುಕ್ಕರಿನ ವೇಯ್ಟ್ ಇದ್ದ ಹಾಗೆ. ಅದರ ಮೇಲೆ 0.9 ಅಥವಾ 1.1 ಅಂತ ಒತ್ತಡದ ಅಳತೆ (ಬಾರ್) ಬರೆದಿರುತ್ತದೆ. ಒಳಗೆ ಅಷ್ಟು ಒತ್ತಡ ಹಿಡಿದಿಡುವುದು ಅದರ ಕೆಲಸ. 0.9ರ ಮುಚ್ಚಳ ಸರಿಯಾಗಿ ಹಿಡಿದರೆ ಬರೀ ನೀರು ಕೂಡ ನಮ್ಮೂರಲ್ಲಿ ಸುಮಾರು 117 ಡಿಗ್ರಿ ತನಕ ಕುದಿಯುವುದಿಲ್ಲ. ಕೂಲಂಟ್ ಸೇರಿದರೆ ಇನ್ನೂ ಮೇಲೆ. ಮುಚ್ಚಳದ ರಬ್ಬರ್ ಒಣಗಿ ಒಡೆದಿದ್ದರೆ ಈ ಲೆಕ್ಕ ಎಲ್ಲಾ ಹಾಳು. ಆದ್ದರಿಂದ ದೊಡ್ಡ ರಿಪೇರಿಗೆ ಮೊದಲು ಹೊಸ ಮುಚ್ಚಳ ಹಾಕಿ. ಹಳೆಯದರ ಮೇಲಿದ್ದ ನಂಬರೇ ಹೊಸದರ ಮೇಲೂ ಇರಲಿ.

ಇಂಜಿನ್ ಬಿಸಿ ಇರುವಾಗ ಆ ಮುಚ್ಚಳ ಮುಟ್ಟಬೇಡಿ. ಬಟ್ಟೆ ಹಿಡಿದು ತೆಗೀತೀನಿ ಅನ್ನುವುದೂ ಬೇಡ. ಮುಖ, ಎದೆ ಸುಟ್ಟುಕೊಳ್ಳುವುದು ಹೀಗೇ. ಮೇಲಿನ ರಬ್ಬರ್ ಪೈಪ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗಿ, ಹಿಂಡಿದರೆ ಮೆತ್ತಗೆ ಅನ್ನಿಸಿದ ಮೇಲೆ ಮಾತ್ರ ತೆಗೆಯಿರಿ.

ಫ್ಯಾನ್ ಪರೀಕ್ಷೆ ಸುಲಭ. ಇಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ. ಬಹುತೇಕ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ಆಗಲೇ ತಿರುಗಬೇಕು. ತಿರುಗಿದರೆ ಮೋಟಾರ್ ಚೆನ್ನಾಗಿದೆ. ಈಗ ಎಸಿ ಆಫ್ ಮಾಡಿ ನಿಂತಲ್ಲೇ ಓಡಲು ಬಿಡಿ. ಸೂಜಿ ಅರ್ಧ ದಾಟುತ್ತಿದ್ದರೂ ಫ್ಯಾನ್ ಬರದಿದ್ದರೆ ಇಂಜಿನ್ ಆಫ್ ಮಾಡಿ. ತೊಂದರೆ ಟೆಂಪರೇಚರ್ ಸೆನ್ಸರ್, ರಿಲೇ ಅಥವಾ ವೈರಿನಲ್ಲಿ. ಎಸಿಗೂ ಫ್ಯಾನ್ ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ಮೋಟಾರ್ ನೋಡಿ.

ಇನ್ನೊಂದು ಲಕ್ಷಣ. ಊರೊಳಗೆ ಹೀಟ್ ಆಗಿ ಹೈವೇಯಲ್ಲಿ ಸರಿಹೋದರೆ ಫ್ಯಾನ್ ಮೇಲೆ ಅನುಮಾನ. ಊರಲ್ಲಿ ಸರಿ ಇದ್ದು ಹೈವೇಯಲ್ಲಿ, ಏರಿನಲ್ಲಿ ಹೀಟ್ ಆದರೆ ರೇಡಿಯೇಟರ್ ಕಟ್ಟಿಕೊಂಡಿದೆ ಅಥವಾ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದಾಗ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಬಾಗಿಲು) ಪೂರ್ತಿ ತೆರೆಯುತ್ತಿಲ್ಲ. ನಮ್ಮದು ಎರಡನೇ ಜಾತಿ.

ಥರ್ಮೋಸ್ಟಾಟ್ ತೆಗೆದು ಬಿಸಾಕುವ ಅಭ್ಯಾಸ ನಮ್ಮ ಕಡೆ ಬಹಳ. "ಬಿಸಿಲೂರಿಗೆ ಅದು ಬೇಡ" ಅನ್ನುತ್ತಾರೆ. ತಪ್ಪು. ಅದಿಲ್ಲದಿದ್ದರೆ ಇಂಜಿನ್ ಬೇಗ ಬಿಸಿಯಾಗುವುದಿಲ್ಲ, ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಕೊಡುತ್ತಲೇ ಇರುತ್ತದೆ, ಮೈಲೇಜ್ ಬೀಳುತ್ತದೆ. ಪರೀಕ್ಷೆ ಅಡುಗೆ ಮನೆಯಲ್ಲೇ ಆಗುತ್ತದೆ. ಹಳೇ ಪಾತ್ರೆಯ ನೀರಿನಲ್ಲಿ ಥರ್ಮೋಸ್ಟಾಟನ್ನು ದಾರದಿಂದ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ಬರೆದಿರುವ ಡಿಗ್ರಿ, ಸಾಮಾನ್ಯವಾಗಿ 82ರಿಂದ 88, ಬಂದಾಗ ಬಾಯಿ ಬಿಡಬೇಕು. ನೀರು ಕುದಿಯುತ್ತಿದ್ದರೂ ಬಾಯಿ ಮುಚ್ಚಿಕೊಂಡೇ ಇದ್ದರೆ ಹೊಸದು ತನ್ನಿ.

ಈಗ ಫ್ಲಶ್, ಅಂದರೆ ಹಳೇ ದ್ರವ ಇಳಿಸಿ ಒಳಗೆ ತೊಳೆದು ಹೊಸದು ತುಂಬುವುದು. ಅರ್ಧ ದಿನದ ಕೆಲಸ. ಸೆಡಾನ್‌ಗೆ ಒಟ್ಟು ಸುಮಾರು 5ರಿಂದ 6 ಲೀಟರ್ ಹಿಡಿಯುತ್ತದೆ.

1. ಇಂಜಿನ್ ಪೂರ್ತಿ ತಣ್ಣಗಿರಲಿ. ಹೀಟರ್ ತಿರುಗುಣಿ ಫುಲ್ ಬಿಸಿಗೆ ತಿರುಗಿಸಿ. ಕೆಳಗೆ ಅಗಲವಾದ ಟಬ್ ಇಡಿ.

2. ರೇಡಿಯೇಟರ್ ಕೆಳಗಿನ ಪ್ಲಾಸ್ಟಿಕ್ ಡ್ರೈನ್ ತಿರುಪು ಕೈಯಲ್ಲಿ ಬಂದರೆ ಸರಿ. ಬಿಗಿಯಾಗಿದ್ದರೆ ಪ್ಲೇಯರ್ ಹಾಕಬೇಡಿ, ಇಷ್ಟು ವರ್ಷದ ಪ್ಲಾಸ್ಟಿಕ್ ಮುರಿಯುತ್ತದೆ. ಅದರ ಬದಲು ಕೆಳಗಿನ ರಬ್ಬರ್ ಪೈಪಿನ ಕ್ಲ್ಯಾಂಪ್ ಸರಿಸಿ. ಪೈಪ್ ಅಂಟಿಕೊಂಡಿದ್ದರೆ ಎಳೆಯುವುದಕ್ಕಿಂತ ಮೊದಲು ತಿರುಚಿ ಸಡಿಲ ಮಾಡಿ.

3. ಎಲ್ಲ ಇಳಿದ ಮೇಲೆ ಪೈಪ್ ಸೇರಿಸಿ ಡಿಸ್ಟಿಲ್ಡ್ ನೀರು ತುಂಬಿ. ಮಧ್ಯದ ತೊಳೆತಗಳಿಗೆ ಆರ್‌ಓ ನೀರಾದರೂ ನಡೆಯುತ್ತದೆ. ಹತ್ತು ಹದಿನೈದು ನಿಮಿಷ ಇಂಜಿನ್ ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು ಮತ್ತೆ ಇಳಿಸಿ. ತಿಳಿ ನೀರು ಬರುವ ತನಕ ಹೀಗೇ ಮಾಡಿ. ನನಗೆ ಐದು ಸಲ ಬೇಕಾಯಿತು. ಬಿಸಿ ಇಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು, ಆತುರ ಬೇಡ.

4. ಎಷ್ಟೇ ಇಳಿಸಿದರೂ ಇಂಜಿನ್ ಬ್ಲಾಕ್ ಒಳಗೆ ಒಂದೆರಡು ಲೀಟರ್ ನೀರು ಉಳಿದಿರುತ್ತದೆ. ಆದ್ದರಿಂದ ಮೊದಲು ಒಟ್ಟು ಅಳತೆಯ ಅರ್ಧದಷ್ಟು ಗಟ್ಟಿ (ನೀರು ಬೆರೆಸದ) ಕೂಲಂಟ್ ಸುರಿಯಿರಿ, ಆಮೇಲೆ ಡಿಸ್ಟಿಲ್ಡ್ ನೀರು ತುಂಬಿ. ಅರ್ಧಕ್ಕರ್ಧ ಬರುತ್ತದೆ. ಕಾರಿನ ಪುಸ್ತಕದಲ್ಲಿ ಯಾವ ಜಾತಿಯ ಕೂಲಂಟ್ ಅಂತ ಇದೆಯೋ ಅದನ್ನೇ ಹಾಕಿ. ಬಣ್ಣ ನೋಡಿ ಆರಿಸಬೇಡಿ, ಒಂದೇ ಬಣ್ಣದಲ್ಲಿ ಬೇರೆ ಬೇರೆ ಜಾತಿ ಬರುತ್ತದೆ.

5. ಕಾರಿನ ಮೂತಿ ಸ್ವಲ್ಪ ಎತ್ತರ ಇರುವ ಕಡೆ ನಿಲ್ಲಿಸಿ, ಮುಚ್ಚಳ ತೆರೆದಿಟ್ಟು ಸ್ಟಾರ್ಟ್ ಮಾಡಿ. ಮೇಲಿನ ಪೈಪನ್ನು ಆಗಾಗ ಹಿಂಡಿ. ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ, ತುಂಬಿಸುತ್ತಾ ಹೋಗಿ. ಗುಳ್ಳೆ ನಿಂತು, ದ್ರವ ಉಕ್ಕುವುದಕ್ಕೆ ಮುಂಚೆಯೇ ಮುಚ್ಚಳ ಹಾಕಿ. ಫ್ಯಾನ್ ಎರಡು ಸಲ ಬಂದು ನಿಲ್ಲುವ ತನಕ ಓಡಿಸಿ. ಮಾರನೇ ಬೆಳಿಗ್ಗೆ ಮತ್ತೆ ಮಟ್ಟ ನೋಡಿ.

ಹಳೇ ಕೂಲಂಟನ್ನು ಚರಂಡಿಗೆ, ಗಿಡದ ಬುಡಕ್ಕೆ ಸುರಿಯಬೇಡಿ. ಅದು ವಿಷ, ಆದರೆ ರುಚಿ ಸಿಹಿ. ಬೀದಿ ನಾಯಿ, ಹಸು ಟಬ್‌ಗೆ ಬಾಯಿ ಹಾಕಿದರೆ ಉಳಿಯುವುದು ಕಷ್ಟ. ಇಳಿಸಿದ ಕೂಡಲೇ ಕ್ಯಾನಿಗೆ ತುಂಬಿ ಮುಚ್ಚಿ, ಗ್ಯಾರೇಜಿನವರನ್ನು ಕೇಳಿ ಅವರಿಗೆ ಒಪ್ಪಿಸಿ.

ಫ್ಲಶ್ ಆದ ಮೇಲೆ ಎರಡು ವಾರ ರಟ್ಟು ಹಾಸುವುದನ್ನು ಬಿಡಬೇಡಿ. ಕೆಲವು ಸಲ ಸೂಜಿ ಮೊನೆಯಷ್ಟು ತೂತನ್ನು ಆ ಸುಣ್ಣದ ಪದರವೇ ಮುಚ್ಚಿರುತ್ತದೆ. ನಮ್ಮ ರೇಡಿಯೇಟರ್‌ನ ಪ್ಲಾಸ್ಟಿಕ್ ಅಂಚಿನಲ್ಲಿ ಹತ್ತನೇ ದಿನ ಗುಲಾಬಿ ಕಲೆ ಕಾಣಿಸಿತು. ರೇಡಿಯೇಟರ್ ಬದಲಿಸಬೇಕಾಯಿತು. ಮುಂದಿನ ತಿರುಪತಿ ದಾರಿಯಲ್ಲಿ ಒಡೆಯುವ ಬದಲು ಮನೆ ಮುಂದೆ ಗೊತ್ತಾಯಿತು.

ಬೆಳಿಗ್ಗೆ ಸೆಲ್ಫ್ ತಗೊಳ್ಳಲ್ಲ: ಬ್ಯಾಟರಿ ಕೊಳ್ಳುವ ಮುಂಚೆ

ಕೀ ತಿರುಗಿಸಿದರೆ ಟಕ್ ಟಕ್ ಅನ್ನುತ್ತದೆ, ಇಂಜಿನ್ ತಿರುಗಲ್ಲ. ಎಲ್ಲರೂ ಬ್ಯಾಟರಿ ಬದಲಿಸಿ ಅನ್ನುತ್ತಾರೆ. ಮಲ್ಟಿಮೀಟರ್ ಇದ್ದರೆ ಐದು ನಿಮಿಷದಲ್ಲಿ ನಿಜ ಗೊತ್ತಾಗುತ್ತದೆ.

ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ಚಾರ್ಜ್ ಪೂರ್ತಿ ಇದೆ. 12.0 ಬಂದರೆ ಬಹುಪಾಲು ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಗೆ ಬಲ ಇಲ್ಲ. ಇಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ತೊಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ದು. ಹೊಸ ಬ್ಯಾಟರಿ ಹಾಕಿದರೂ ಅದೂ ಖಾಲಿಯಾಗುತ್ತದೆ.

ನಮ್ಮ ಕಾರಲ್ಲಿ ಮೂರೂ ಸರಿ ಇತ್ತು, ಆದರೂ ಟಕ್ ಟಕ್. ಮೆಕ್ಯಾನಿಕ್ ಅಣ್ಣ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಇಂಜಿನ್ನಿನ ಬರೀ ಲೋಹಕ್ಕೆ ಒತ್ತಿ ಹಿಡಿದು "ಈಗ ಸೆಲ್ಫ್ ಹೊಡಿಯಪ್ಪ" ಅಂದರು. ಸೊನ್ನೆಯ ಹತ್ತಿರ ಇರಬೇಕಾದದ್ದು 1.8 ತೋರಿಸಿತು. 0.5 ದಾಟಿದರೇ ಅರ್ಥಿಂಗ್ ಸರಿಯಿಲ್ಲ ಅಂತ ಲೆಕ್ಕ. ಇಂಜಿನ್‌ನಿಂದ ಬಾಡಿಗೆ ಬರುವ ಹೆಣೆದ ತಾಮ್ರದ ಪಟ್ಟಿ ಒಂದು ಕೊನೆಯಲ್ಲಿ ಹಸಿರು ಪುಡಿಯಾಗಿತ್ತು, ನಾಲ್ಕಾರು ಎಳೆ ಮಾತ್ರ ಉಳಿದಿತ್ತು. ಹೊಸ ಪಟ್ಟಿ ಹಾಕಿ, ಬೋಲ್ಟ್ ಕೂರುವ ಜಾಗವನ್ನು ಲೋಹ ಹೊಳೆಯುವ ತನಕ ಉಜ್ಜಿದೆವು. ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಹಳೇ ಕಾರಿನ ಎಷ್ಟೋ ವಿಚಿತ್ರ ಕರೆಂಟ್ ತೊಂದರೆಗಳು, ಲೈಟ್ ಮಂಕಾಗುವುದು, ಮೀಟರ್ ಸೂಜಿ ಕುಣಿಯುವುದು, ಇಂಥ ಅರ್ಥಿಂಗ್‌ನಿಂದಲೇ ಬರುತ್ತವೆ.

ಟರ್ಮಿನಲ್ ಮೇಲೆ ಬಿಳಿ ಅಥವಾ ನೀಲಿ ಪುಡಿ ಕಟ್ಟಿದ್ದರೆ ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒಣಗಿಸಿ, ಬ್ರಷ್ ಹಾಕಿ. ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಮೇಲೆ ಸ್ವಲ್ಪ ವ್ಯಾಸಲಿನ್. ಬ್ಯಾಟರಿ ಹತ್ತಿರ ಬೀಡಿ, ಬೆಂಕಿ ಬೇಡ. ಅದರಿಂದ ಬರುವ ಗ್ಯಾಸ್ ಹೊತ್ತಿಕೊಳ್ಳುತ್ತದೆ. ನೀರು ಹಾಕುವ ಬ್ಯಾಟರಿಯಾದರೆ ಇಲ್ಲೂ ಡಿಸ್ಟಿಲ್ಡ್ ನೀರೇ.

ಇಂಜಿನ್ ಮಿಸ್ ಹೊಡೆದರೆ

ಮಿಸ್ ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು. ಪಿಕಪ್ ಇಲ್ಲ, ನಿಂತಾಗ ಇಂಜಿನ್ ನಡುಗುತ್ತದೆ, ಚೆಕ್ ಇಂಜಿನ್ ಲೈಟ್ ಬಂದಿದೆ. ಲೈಟ್ ಸುಮ್ನೆ ಉರಿಯುತ್ತಿದ್ದರೆ ನಿಧಾನಕ್ಕೆ ಮನೆಗೆ ಬನ್ನಿ. ಮಿನುಗುತ್ತಿದ್ದರೆ ಆಕ್ಸಿಲರೇಟರ್ ಒತ್ತಬೇಡಿ, ಆದಷ್ಟು ಬೇಗ ನಿಲ್ಲಿಸಿ. ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತದೆ. ಅದು ದುಬಾರಿ ಪಾರ್ಟ್.

ಸ್ಟೀರಿಂಗ್ ಕೆಳಗೆ 16 ಪಿನ್‌ನ ಸಾಕೆಟ್ ಇದೆಯಾ ನೋಡಿ. 2013ರ ಏಪ್ರಿಲ್‌ನಿಂದ ತಯಾರಾದ ಕಾರುಗಳಿಗೆ ಓಬಿಡಿ-2 (ತೊಂದರೆಯನ್ನು ಕೋಡ್ ರೂಪದಲ್ಲಿ ಹೇಳುವ ವ್ಯವಸ್ಥೆ) ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಹಲವು ಕಾರುಗಳಲ್ಲೂ ಈ ಸಾಕೆಟ್ ಇರುತ್ತದೆ. ಬ್ಲೂಟೂತ್ ಅಡಾಪ್ಟರ್ ಚುಚ್ಚಿ ಮೊಬೈಲಿನಲ್ಲಿ ಕೋಡ್ ಓದಬಹುದು. ಪಿ0300 ಅಂದರೆ ಯಾವ ಸಿಲಿಂಡರ್ ಅಂತ ಗೊತ್ತಿಲ್ಲದ ಮಿಸ್. ಪಿ0301 ಒಂದನೇ ಸಿಲಿಂಡರ್, ಪಿ0302 ಎರಡನೆಯದು. ಪಿ0171 ಬಂದರೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ. ಎಲ್ಲೋ ಒಡೆದ ವ್ಯಾಕ್ಯೂಮ್ ಪೈಪಿನಿಂದ ಗಾಳಿ ಒಳಗೆ ಹೋಗುತ್ತಿರಬಹುದು.

ಕೋಡ್ ಹೇಳುವುದು ಲಕ್ಷಣ ಮಾತ್ರ, ಯಾವ ಪಾರ್ಟ್ ಕೊಳ್ಳಬೇಕು ಅಂತಲ್ಲ. ಪಿ0301 ಬಂತು ಅನ್ನಿ. ಇಂಜಿನ್ ಆಫ್ ಮಾಡಿ, ಒಂದನೇ ಸಿಲಿಂಡರಿನ ಕಾಯಿಲನ್ನು (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವುದು) ಎರಡನೆಯದಕ್ಕೂ ಎರಡನೆಯದನ್ನು ಒಂದನೆಯದಕ್ಕೂ ಹಾಕಿ. ಕೋಡ್ ಅಳಿಸಿ ಸ್ವಲ್ಪ ಓಡಿಸಿ. ಈಗ ಪಿ0302 ಬಂದರೆ ತೊಂದರೆ ಕಾಯಿಲ್ ಜೊತೆ ಹೋಯಿತು, ಕಾಯಿಲ್ ಹಾಳು. ಪಿ0301 ಅಲ್ಲೇ ಉಳಿದರೆ ಪ್ಲಗ್ಗುಗಳನ್ನು ಹೀಗೇ ಅದಲು ಬದಲು ಮಾಡಿ. ಆಗಲೂ ಅಲ್ಲೇ ಇದ್ದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಅಥವಾ ಸಿಲಿಂಡರ್ ಒಳಗಿನ ಒತ್ತಡ (ಕಂಪ್ರೆಷನ್) ನೋಡಬೇಕು. ಅದು ಗ್ಯಾರೇಜಿನ ಕೆಲಸ. ಒಂದು ರೂಪಾಯಿ ಖರ್ಚಿಲ್ಲದೆ ಇಷ್ಟು ಗೊತ್ತಾಯಿತಲ್ಲ.

ಪ್ಲಗ್ ಬಿಚ್ಚುವುದು ತಣ್ಣಗಿನ ಇಂಜಿನ್‌ನಲ್ಲಿ ಮಾತ್ರ. ಮೊದಲು ಪ್ಲಗ್ ಗುಂಡಿಯೊಳಗೆ ಸೈಕಲ್ ಪಂಪಿನಿಂದ ಗಾಳಿ ಊದಿ. ನಮ್ಮ ರಸ್ತೆಗಳ ಕೆಂಪು ಧೂಳು ಅಲ್ಲಿ ಕೂತಿರುತ್ತದೆ, ಪ್ಲಗ್ ತೆಗೆದ ಕೂಡಲೇ ಸಿಲಿಂಡರ್ ಒಳಗೆ ಬೀಳುತ್ತದೆ. ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ಮೇಲಿನ ವಾಲ್ವ್ ಕವರ್ ಗ್ಯಾಸ್ಕೆಟ್ ಹೋಗಿದೆ. ತೆಗೆದ ಪ್ಲಗ್ಗುಗಳನ್ನು ಸಿಲಿಂಡರ್ ಕ್ರಮದಲ್ಲೇ ಸಾಲಾಗಿ ಇಡಿ. ಮೊನೆ ತಿಳಿ ಕಂದು ಇದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಒದ್ದೆ ಜಿಡ್ಡು ಇದ್ದರೆ ಆಯಿಲ್ ಬರುತ್ತಿದೆ. ಸುಟ್ಟ ಹಾಗೆ ಬೆಳ್ಳಗಿದ್ದರೆ ಆ ಸಿಲಿಂಡರ್ ಹೀಟ್ ಆಗುತ್ತಿದೆ.

ಹೊಸ ಪ್ಲಗ್ ಕೂರಿಸುವಾಗ ಸಾಕೆಟ್ಟಿನ ಉದ್ದ ಕಡ್ಡಿಯನ್ನು ಬೆರಳಲ್ಲೇ ತಿರುಗಿಸಿ. ಹೆಡ್ ಅಲ್ಯೂಮಿನಿಯಂ, ಅಡ್ಡ ಥ್ರೆಡ್ ಕೂತರೆ ದೊಡ್ಡ ಖರ್ಚು. ಸರಾಗವಾಗಿ ಹೋಗಿ ತಳ ಮುಟ್ಟಿದ ಮೇಲೆ, ವಾಷರ್ ಇರುವ ಹೊಸ ಪ್ಲಗ್ ಆದರೆ ಅರ್ಧ ಸುತ್ತಿನಿಂದ ಮೂರನೇ ಎರಡು ಸುತ್ತಿನ ತನಕ ಬಿಗಿ ಸಾಕು.

ಏರ್ ಫಿಲ್ಟರ್ ವಿಷಯ ಎರಡೇ ಮಾತು. ಜಲ್ಲಿ ಕ್ವಾರಿ, ಇಟ್ಟಿಗೆ ಗೂಡು ಇರುವ ಮಾಲೂರು, ಟೇಕಲ್ ಕಡೆ ದಿನಾ ಓಡಾಡುವವರು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ಬದಲಿಸಿ. ಕಾಗದದ ಫಿಲ್ಟರ್‌ಗೆ ನೀರು ಹಾಕಬೇಡಿ.

ಆಯಿಲ್

ಇದು ಎಲ್ಲಕ್ಕಿಂತ ಸುಲಭ. ಹತ್ತು ನಿಮಿಷ ಓಡಿಸಿ ಇಂಜಿನ್ ಬೆಚ್ಚಗೆ ಮಾಡಿ, ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿ ಡ್ರೈನ್ ಬೋಲ್ಟ್ ಬಿಚ್ಚಿ. ಫಿಲ್ಟರ್ ತೆಗೆದಾಗ ಹಳೇ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡಿದೆಯಾ ಕೈಯಾಡಿಸಿ ನೋಡಿ. ಎರಡು ರಿಂಗ್ ಒಂದರ ಮೇಲೊಂದು ಕೂತರೆ ಆಯಿಲ್ ಎಲ್ಲಾ ರಸ್ತೆ ಪಾಲು. ಹೊಸ ರಿಂಗ್‌ಗೆ ಬೆರಳಲ್ಲಿ ಆಯಿಲ್ ಸವರಿ, ಮುಟ್ಟಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಡ್ರೈನ್ ಬೋಲ್ಟ್‌ಗೆ ಹೊಸ ವಾಷರ್. ಹಳೇ ಇಂಜಿನ್ ಅಂತ ಕಣ್ಣು ಮುಚ್ಚಿ ಗಟ್ಟಿ ಆಯಿಲ್ ಹಾಕಬೇಡಿ, ಪುಸ್ತಕ ಒಪ್ಪುವ ನಂಬರಿನೊಳಗೇ ಇರಿ. ಆಯಿಲ್ ಸುಡುವ ಕಾರಾದರೆ ಪ್ರತಿ ಭಾನುವಾರ ಗೇಜ್ ಕಡ್ಡಿ ತೆಗೆದು ನೋಡುವುದು ಅಭ್ಯಾಸವಾಗಲಿ.

ಬ್ರೇಕ್ ಪ್ಯಾಡ್: ನಿಧಾನವಾಗಿ, ಒಂದು ಚಕ್ರ ಒಂದು ಸಲ

ಬ್ರೇಕ್ ಕೆಲಸವನ್ನು ಮೊದಲ ಸಲ ಒಬ್ಬರೇ ಮಾಡಬೇಡಿ. ಮಾಡಿ ಗೊತ್ತಿರುವವರು ಪಕ್ಕದಲ್ಲಿ ಇರಲಿ. ಒಂದು ಚಕ್ರ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಗೊಂದಲವಾದರೆ ಇನ್ನೊಂದು ಬದಿ ಬಿಚ್ಚದೆ ಇರುವುದರಿಂದ ನೋಡಿಕೊಳ್ಳಬಹುದು.

ಮುಂದಿನ ಪ್ಯಾಡ್ ವಿಷಯ ಹೇಳುತ್ತೇನೆ. ಚಕ್ರ ಎತ್ತುವ ಮುಂಚೆ ನಟ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡಿ. ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆಯಿರಿ. ಪ್ಯಾಡುಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರಿನ ಹಿಂದಿನ ಎರಡು ಬೋಲ್ಟ್ ಬಿಚ್ಚಿದರೆ ಅದು ಈಚೆ ಬರುತ್ತದೆ. ಅದನ್ನು ಬ್ರೇಕ್ ಹೋಸ್ ಮೇಲೆ ಜೋತು ಬಿಡಬೇಡಿ. ತಂತಿ ಹಾಕಿ ಸ್ಪ್ರಿಂಗ್‌ಗೆ ಕಟ್ಟಿ. ಧೂಳನ್ನು ಬಾಯಲ್ಲಿ ಊದಬೇಡಿ, ಶ್ವಾಸಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಒಳಗಿನ ಪ್ಯಾಡ್, ಹೊರಗಿನ ಪ್ಯಾಡ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಎಡ ಚಕ್ರದಲ್ಲಿ ಹೊರಗಿನದು 8 ಮಿ.ಮೀ. ಉಳಿದಿತ್ತು, ಒಳಗಿನದು 2 ಮಿ.ಮೀ. ಹೊರಗಿಂದ ಇಣುಕಿದವರಿಗೆ ಪ್ಯಾಡ್ ಚೆನ್ನಾಗಿದೆ ಅನ್ನಿಸುತ್ತಿತ್ತು. ಕಾರಣ ಸ್ಲೈಡ್ ಪಿನ್. ಕ್ಯಾಲಿಪರ್ ಆಚೀಚೆ ಜಾರುವುದು ಆ ಎರಡು ಪಿನ್ನುಗಳ ಮೇಲೆ. ರಬ್ಬರ್ ಟೋಪಿ ಹರಿದು ನೀರು, ಧೂಳು ಹೋಗಿ ಒಂದು ಪಿನ್ ಕಚ್ಚಿಕೊಂಡಿತ್ತು. ಪಿನ್ ಹೊರಗೆ ಬಂದಾಗ ಅದರ ಮೇಲೆ ಗ್ರೀಸ್ ಬದಲು ಕಂದು ಪುಡಿ ಅಂಟಿತ್ತು. ಬರೀ ಹೊಸ ಪ್ಯಾಡ್ ಹಾಕಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಗತಿ. ಪಿನ್ ಒರೆಸಿ, ನುಣ್ಣಗೆ ಮಾಡಿ, ಬ್ರೇಕ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ, ಹೊಸ ರಬ್ಬರ್ ಟೋಪಿ ಹಾಕಿ. ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ.

ಹೊಸ ಪ್ಯಾಡ್‌ಗೆ ಜಾಗ ಮಾಡಲು ಕ್ಯಾಲಿಪರ್ ಒಳಗಿನ ಪಿಸ್ಟನ್ ಹಿಂದಕ್ಕೆ ಒತ್ತುವ ಮುಂಚೆ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲ ಮಾಡಿ, ಮಟ್ಟ ನೋಡಿ. ಒತ್ತಿದಾಗ ಆಯಿಲ್ ಮೇಲೆ ಬರುತ್ತದೆ. ಪೇಂಟ್ ಮೇಲೆ ಬಿದ್ದರೆ ಪೇಂಟ್ ಏಳುತ್ತದೆ, ತಕ್ಷಣ ನೀರು ಹಾಕಿ. ಹಳೇ ಪ್ಯಾಡನ್ನೇ ಅಡ್ಡ ಕೊಟ್ಟು ಸಿ ಕ್ಲ್ಯಾಂಪ್‌ನಿಂದ ನಿಧಾನವಾಗಿ ಒತ್ತಿ. ಪಿಸ್ಟನ್ ಸುತ್ತ ಒದ್ದೆ ಇದ್ದರೆ ನಿಲ್ಲಿಸಿ, ಸೀಲ್ ಹೋಗಿದೆ. ಡಿಸ್ಕ್‌ಗೆ ಎಷ್ಟು ದಪ್ಪ ಉಳಿದಿರಬೇಕು ಅಂತ ಸಾಮಾನ್ಯವಾಗಿ ಅದರ ಮೇಲೇ ಕೊರೆದಿರುತ್ತದೆ. ಅದಕ್ಕಿಂತ ತೆಳ್ಳಗಾಗಿದ್ದರೆ ಡಿಸ್ಕನ್ನೂ ಬದಲಿಸಬೇಕು. ಪ್ಯಾಡ್ 3 ಮಿ.ಮೀ.ಗೆ ಬಂದರೆ ಕಾಯಬೇಡಿ. ಎಡ ಬಲ ಎರಡೂ ಕಡೆ ಒಟ್ಟಿಗೇ ಬದಲಿಸಿ.

ಎಲ್ಲ ಜೋಡಿಸಿ ಕಾರು ಇಳಿಸಿದ ಮೇಲೆ, ಸ್ಟಾರ್ಟ್ ಮಾಡುವ ಮುಂಚೆ, ಬ್ರೇಕ್ ಪೆಡಲನ್ನು ಗಟ್ಟಿಯಾಗುವ ತನಕ ಒತ್ತಿ ಒತ್ತಿ ಬಿಡಿ. ಇದನ್ನು ಮರೆತರೆ ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟುತ್ತದೆ, ಕಾರು ಗೇಟಿಗೆ ಗುದ್ದುತ್ತದೆ. ಪೆಡಲ್ ಒತ್ತಿ ಹಿಡಿದಾಗ ನಿಧಾನಕ್ಕೆ ಕೆಳಗಿಳಿಯುತ್ತಿದ್ದರೆ ಕಾರು ಹೊರಗೆ ತೆಗೆಯಬೇಡಿ, ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಇರುತ್ತದೆ, ಅದನ್ನೇ ಹಾಕಿಸಿ.

ಹಂಪ್ ಮೇಲೆ ಕಟಕಟ

ನಿಧಾನವಾಗಿ ಹಂಪ್ ಹತ್ತುವಾಗ ಮುಂದೆ ಕಟಕಟ ಅಂದರೆ ಹೆಚ್ಚಾಗಿ ಸಸ್ಪೆನ್ಷನ್ನಿನ ಲಿಂಕ್ ರಾಡ್ ಅನ್ನುವ ಸಣ್ಣ ಕಡ್ಡಿ. ಅಗ್ಗದ ಪಾರ್ಟ್, ಎರಡೇ ನಟ್ಟು, ಮನೆಯಲ್ಲೇ ಆಗುತ್ತದೆ. ಬ್ರೇಕ್ ಹಾಕಿದಾಗ ಧಡ್ ಅಂದರೆ ಚಕ್ರ ಹಿಡಿದಿರುವ ಲೋಯರ್ ಆರ್ಮ್‌ನ ರಬ್ಬರ್ ಬುಶ್ ನೋಡಿಸಿ. ಅದನ್ನು ಒತ್ತಿ ಕೂರಿಸಲು ಪ್ರೆಸ್ ಯಂತ್ರ ಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಡುವಾಗ ಟಕಟಕ ಅಂದರೆ ಡ್ರೈವ್ ಶಾಫ್ಟ್‌ನ ಹೊರಗಿನ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದಾಗಲೇ ಗೊತ್ತಾದರೆ ಬೂಟ್, ಗ್ರೀಸ್ ಖರ್ಚಲ್ಲಿ ಮುಗಿಯುತ್ತದೆ. ಸದ್ದು ಬಂದ ಮೇಲೆ ಜಾಯಿಂಟೇ ಹೊಸದು ಬೇಕು.

ಮುಟ್ಟಬಾರದವು

ಟೈಮಿಂಗ್ ಬೆಲ್ಟ್ (ಇಂಜಿನ್ ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳ ತಪ್ಪದಂತೆ ಓಡಿಸುವ ಹಲ್ಲಿನ ಬೆಲ್ಟ್) ಇರುವ ಕಾರಾದರೆ ಯಾವಾಗ ಬದಲಿಸಿದ್ದು ಅಂತ ದಾಖಲೆ ಇಲ್ಲದಿದ್ದರೆ ಇವತ್ತೇ ಮೆಕ್ಯಾನಿಕ್ ಹತ್ತಿರ ಹೋಗಿ. ಅನೇಕ ಇಂಜಿನ್‌ಗಳಲ್ಲಿ ಅದು ಕಿತ್ತರೆ ಪಿಸ್ಟನ್ ವಾಲ್ವ್‌ಗೆ ಬಡಿದು ಇಂಜಿನ್ ಮುಗಿಯುತ್ತದೆ. ಒಂದು ಹಲ್ಲು ತಪ್ಪಿ ಕೂರಿಸಿದರೂ ತೊಂದರೆ. ಏರ್‌ಬ್ಯಾಗ್ ವೈರು, ಎಸಿ ಗ್ಯಾಸ್, ಸಸ್ಪೆನ್ಷನ್ ಸ್ಪ್ರಿಂಗ್, ಇವೂ ನಮ್ಮ ಕೆಲಸವಲ್ಲ. ಒತ್ತಿ ಹಿಡಿದ ಸ್ಪ್ರಿಂಗ್ ಹಾರಿದರೆ ಜೀವಕ್ಕೆ ಅಪಾಯ.

ಪೆಟ್ರೋಲ್ ಪೈಪನ್ನು ಕಣ್ಣಲ್ಲಿ ನೋಡಿ, ಕೈಯಲ್ಲಿ ಬಿಚ್ಚಬೇಡಿ. ಈಗ ಬಂಕ್‌ಗಳಲ್ಲಿ ಸಿಗುತ್ತಿರುವುದು ಶೇ 20ರ ತನಕ ಎಥೆನಾಲ್ ಬೆರೆಸಿದ ಪೆಟ್ರೋಲ್. 2009ರಂಥ ಕಾರುಗಳ ರಬ್ಬರ್ ಭಾಗಗಳು ಅದನ್ನು ಲೆಕ್ಕಕ್ಕಿಟ್ಟು ಮಾಡಿದವಲ್ಲ. ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಬಂದರೆ, ಪೈಪ್ ಮೇಲೆ ಬಿರುಕು ಕಂಡರೆ, ಅವತ್ತೇ ಬದಲಿಸಿಕೊಳ್ಳಿ.

ಪಾರ್ಟ್ಸ್, ಆರ್‌ಸಿ

ಕೋಲಾರದಲ್ಲಿ ಸಿಗದ ಪಾರ್ಟ್‌ಗೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ. ಬಸ್ಸು ಹತ್ತುವ ಮುಂಚೆ ಹಳೇ ಪಾರ್ಟ್ ಮೇಲಿನ ನಂಬರಿನ ಫೋಟೋ, ಆರ್‌ಸಿಯಲ್ಲಿರುವ ಚಾಸಿ ನಂಬರ್ ಎರಡೂ ಜೊತೆಗಿರಲಿ. ಆದರೆ ಹಳೇ ಪಾರ್ಟನ್ನೇ ಚೀಲದಲ್ಲಿ ಒಯ್ಯುವುದು ಇನ್ನೂ ಒಳ್ಳೆಯದು. ಬ್ರೇಕ್, ಸ್ಟೀರಿಂಗ್, ಟೈಮಿಂಗ್ ಬೆಲ್ಟ್‌ಗೆ ಗುಜರಿ ಪಾರ್ಟ್ ಬೇಡ. ಬಾಗಿಲ ಹಿಡಿ, ಕನ್ನಡಿ, ಕಿಟಕಿ ಮೋಟಾರ್‌ಗೆ ಗುಜರಿ ಧಾರಾಳ ಸಾಕು.

15 ವರ್ಷ ತುಂಬುವ ಖಾಸಗಿ ಕಾರಿನ ಆರ್‌ಸಿ ನವೀಕರಿಸಿಕೊಳ್ಳಬೇಕು. ಒಂದು ಸಲಕ್ಕೆ 5 ವರ್ಷ ಸಿಗುತ್ತದೆ. ಆರ್‌ಟಿಓದಲ್ಲಿ ಕಾರು ನೋಡುತ್ತಾರೆ. ಹೋಗುವ ಹಿಂದಿನ ದಿನ ಎಲ್ಲ ಲೈಟು, ಇಂಡಿಕೇಟರ್, ಹಾರ್ನ್, ವೈಪರ್, ಹ್ಯಾಂಡ್ ಬ್ರೇಕ್ ಒಂದೊಂದಾಗಿ ಪರೀಕ್ಷಿಸಿ. ಹೊಗೆ ತಪಾಸಣೆ, ಇನ್ಶೂರೆನ್ಸ್ ಚಾಲ್ತಿಯಲ್ಲಿರಲಿ.

ಕೆಲಸ ಮುಗಿದ ಮೇಲೆ

ಯಾವ ರಿಪೇರಿಯಾದರೂ ನಾನು ಮೊದಲು ಬಡಾವಣೆಯ ಖಾಲಿ ರಸ್ತೆಯಲ್ಲಿ ನಿಧಾನವಾಗಿ ನಾಲ್ಕಾರು ಸಲ ಬ್ರೇಕ್ ಹಾಕಿ ನೋಡುತ್ತೇನೆ. ಸರಿ ಅನ್ನಿಸಿದ ಮೇಲೆ ಹೆದ್ದಾರಿ 75ಕ್ಕೆ ಹೋಗಿ ನರಸಾಪುರದ ತನಕ ಓಡಿಸಿ ವಾಪಸ್ ಬರುತ್ತೇನೆ, ರೇಡಿಯೋ ಆಫ್, ಕಿಟಕಿ ಅರ್ಧ ಇಳಿಸಿ. ಮನೆಗೆ ಬಂದು ಇಳಿದ ಕೂಡಲೇ ನಾಲ್ಕು ಚಕ್ರಗಳ ಹತ್ತಿರ ಅಂಗೈ ಹಿಡಿಯುತ್ತೇನೆ, ಡಿಸ್ಕ್ ಮುಟ್ಟುವುದಿಲ್ಲ. ಮುಂದಿನ ಎರಡರಲ್ಲಿ ಒಂದು ಇನ್ನೊಂದಕ್ಕಿಂತ ಜಾಸ್ತಿ ಬಿಸಿ ಇದ್ದರೆ ಆ ಬ್ರೇಕ್ ಬಿಡುತ್ತಿಲ್ಲ, ಮತ್ತೆ ಬಿಚ್ಚಬೇಕು. ಚಕ್ರದ ನಟ್ಟುಗಳನ್ನು 50 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡುತ್ತೇನೆ. ಆಮೇಲೆ ಕೈ ತೊಳೆದು, ಪುಸ್ತಕ ತೆಗೆದು, ತಾರೀಕು, ಕಿ.ಮೀ., ಹಾಕಿದ ಪಾರ್ಟಿನ ನಂಬರ್ ಬರೆಯುತ್ತೇನೆ. ರಟ್ಟನ್ನು ಮತ್ತೆ ಇಂಜಿನ್ ಕೆಳಗೆ ತಳ್ಳುತ್ತೇನೆ.